ಹುಳುಮನೆಯ ಪಕ್ಕದ ಕೋಣೆ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅಕ್ಕೂರಿನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಗೌರಕ್ಕ ಮೊದಲ ಸಲ ನನ್ನ ಬಾಗಿಲು ತಟ್ಟಿದ್ದು ಒಂದು ಭಾನುವಾರ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಆದರೆ ಆ ವರ್ಷ ಅದುವರೆಗಿನ ಭಾನುವಾರಗಳಲ್ಲಿ ನಾನು ಆ ಕೋಣೆಯಲ್ಲಿ ಇರುತ್ತಲೇ ಇರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಮಾಗಡಿಗೋ ಮರಳವಾಡಿಗೋ ಹೋಗಿ, ಅಲ್ಲಿ ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಹಾಗಿದ್ದ ಮೇಲೆ ಭಾನುವಾರ ಬಾಗಿಲು ತೆರೆದವನು ಯಾರು? ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಒಪ್ಪಬೇಡಿ ಎಂದು ಹುಡುಗರಿಗೆ ಹೇಳುವವನು. ಆ ವರ್ಷದ ಬಹುಪಾಲಿಗೆ ನಾನೊಬ್ಬನೇ ಸಾಕ್ಷಿ.

ಹೋದ ತಿಂಗಳು ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಕಾಲ ಬಳಿ ಇಳಿಸಿದರು. ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ಅಕ್ಕೂರಿನ ಕೋಣೆ ಎದುರಿಗೆ ಬಂದು ನಿಂತಿತು. ಪಕ್ಕದಲ್ಲಿ ನಿಂತಿದ್ದವನೊಬ್ಬ ಬ್ಯಾಗಿನಿಂದ ಸೆಂಟಿನ ಬಾಟಲಿ ತೆಗೆದು ಅಂಗಿಗೆ ಹೊಡೆದುಕೊಳ್ಳಲು ಹೋದ. ಆಕೆ ಸೀದಾ ಅವನ ಕೈ ಹಿಡಿದರು.

"ಏನಪ್ಪಾ, ಇವತ್ತೇನಾ ನಿನ್ ಮದ್ವೆ? ಅತ್ಲಾಗ್ ಹೋಗು, ಸೊಪ್ಪು ಐತೆ ಇಲ್ಲಿ."

"ಸೊಪ್ಪಿಗೇನಾಯ್ತದಮ್ಮೋ?"

"ಸೊಪ್ಪಿಗಲ್ಲ ಕಣಪ್ಪ, ತಿನ್ನೋ ಹುಳಕ್ಕೆ. ನಮ್ ಭಾವನ ಮನೇಲಿ ಗೋಡೆಗೆ ಚುಚ್ತಾರಲ್ಲ, ಸೊಳ್ಳೆ ಔಷ್ದಿ, ಅದ್ನ ಹಾಕಿ ಒಂದ್ ಬೆಳೆನೇ ಕಳ್ಕಂಡ್ರು. ಹೊಗೆ ಇಲ್ವಲ್ಲಾ, ಏನೂ ಆಗಾಕಿಲ್ಲ ಅಂತ ಹಾಕ್ಬುಟ್ಟವ್ರೆ."

ಬಸ್ಸಿನವರು ಸೆಂಟಿನವನನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಗೌರಕ್ಕನ ರೇಷ್ಮೆ ಹುಳ ಸತ್ತ ವಾರ ನನ್ನ ಕೋಣೆಯ ಗೋಡೆಗೂ ಅಂಥದ್ದೊಂದು ಚುಚ್ಚಿತ್ತು. ಮಳೆಯಲ್ಲಿ ನೆಂದ ಸೊಪ್ಪು ತಿಂದು ಹುಳ ಸತ್ತವು ಎಂದು ಗೌರಕ್ಕ ಹೇಳಿದ್ದರು. ನಾನು ಹಾಗೇ ತಿಳಿದುಕೊಂಡು ಮೂರು ವರ್ಷ ನೆಮ್ಮದಿಯಾಗಿದ್ದೆ.

ಆ ವರ್ಷದ ಶುರುವಿನಲ್ಲಿ ನನ್ನ ಮದುವೆ ಮುಗಿದಿತ್ತು. ದೊಡ್ಡ ಜಗಳವೇನೂ ಇರಲಿಲ್ಲ. ಇಬ್ಬರೂ ಸಹಿ ಹಾಕಿ, ಒಂದೇ ಆಟೋದಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಂದು, ಬೇರೆ ಬೇರೆ ಬಸ್ಸು ಹತ್ತಿದೆವು. ನನಗೆ ಚನ್ನಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನ ಕೆಲಸ ಸಿಕ್ಕಿತ್ತು. ಪೇಟೆಯಲ್ಲಿ ಮನೆ ಕೇಳಲು ಹೋದಲ್ಲೆಲ್ಲ "ಫ್ಯಾಮಿಲಿ ಯಾವಾಗ ಬರ್ತಾರೆ?" ಎನ್ನುತ್ತಿದ್ದರು. ಅಕ್ಕೂರಿನ ಗೌರಕ್ಕ ಅದನ್ನು ಕೇಳಲಿಲ್ಲ. ಐವತ್ತು ದಾಟಿದ, ಗಂಡನಿಲ್ಲದ, ಇದ್ದೊಬ್ಬ ಮಗಳನ್ನು ಸೋಲೂರಿಗೆ ಕೊಟ್ಟ ಹೆಂಗಸು. ಅವರು ಕೇಳಿದ್ದು ಬೇರೆ.

"ಬೀಡಿ ಸಿಗರೇಟು ಸೇದ್ತೀರಾ?"

"ಇಲ್ಲ."

"ಸೊಳ್ಳೆ ಬತ್ತಿ ಹಚ್ತೀರಾ?"

"ಇಲ್ಲ."

"ಹಂಗಾರೆ ಸಾಮಾನು ತಂದ್ಹಾಕಳಿ ಮೇಷ್ಟ್ರೇ. ಪಕ್ಕದಲ್ಲೇ ಹುಳುಮನೆ. ಹೊಗೆ ಆಗಾಕಿಲ್ಲ ಅವಕ್ಕೆ."

ಹೆಂಚಿನ ಮನೆ. ನನ್ನ ಕೋಣೆಗೂ ರೇಷ್ಮೆ ಹುಳ ಸಾಕುವ ಕೋಣೆಗೂ ನಡುವಿನ ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಮೇಲೆ ಒಂದು ಮೊಳದಷ್ಟು ಸಂದಿ ಬಿಟ್ಟಿತ್ತು. ಅಲ್ಲಿಂದ ಸೊಪ್ಪಿನ ವಾಸನೆ ಇಳಿಯುತ್ತಿತ್ತು, ಗೌರಕ್ಕ ಹುಳಗಳಿಗೆ ಬಯ್ಯುವುದು ಕೇಳಿಸುತ್ತಿತ್ತು.

ನಾನು ಆಗ ಹೇಗೆ ಬದುಕುತ್ತಿದ್ದೆ ಎಂಬುದರ ಬಗ್ಗೆ ಅನುಮಾನವಿಲ್ಲ, ಏಕೆಂದರೆ ಎಲ್ಲ ದಿನವೂ ಒಂದೇ ಥರ ಇತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಏನಾದರೊಂದು, ಸಂಜೆ ಟೀಗೆ ಅದ್ದಿಕೊಂಡು ಬಿಸ್ಕತ್ತು. ವಾರಕ್ಕೆರಡು ಸ್ನಾನ. ಹಾಸಿಗೆಯ ಬಟ್ಟೆ ಬದಲಾಯಿಸಿದ್ದು ಯಾವಾಗ ಎಂದು ಗೊತ್ತಿರಲಿಲ್ಲ. ಸೋಮವಾರ ಮೊದಲ ತರಗತಿಯಲ್ಲಿ ಹಾಜರಿ ಕೂಗುವಾಗ ಗಂಟಲು ಕಟ್ಟಿರುತ್ತಿತ್ತು. ಹಿಂದಿನ ಎರಡು ದಿನ ಕಂಡಕ್ಟರಿಗೆ ಊರಿನ ಹೆಸರು ಹೇಳಿದ್ದು ಬಿಟ್ಟರೆ ಬಾಯಿ ತೆರೆದಿರುತ್ತಿರಲಿಲ್ಲ. ಇದನ್ನು ಗಮನಿಸಿದ ಸಹೋದ್ಯೋಗಿಯೊಬ್ಬರು ನನ್ನ ಫೋನಿಗೆ ಒಂದು ಪಟ್ಟಿ ಕಳಿಸಿದರು. ಬೆಳಿಗ್ಗೆ ಬಿಸಿನೀರು ಕುಡಿಯಿರಿ, ಅರ್ಧ ಗಂಟೆ ನಡೆಯಿರಿ, ನಿಮ್ಮನ್ನು ನೀವೇ ಪ್ರೀತಿಸಿ. ಎರಡು ದಿನ ಬಿಸಿನೀರು ಕುಡಿದೆ. ಮೂರನೆಯದಕ್ಕೆ ಬೇಕಾದ ಮನುಷ್ಯ ಆ ಕೋಣೆಯಲ್ಲಿ ಇರಲಿಲ್ಲ.

ಗೌರಕ್ಕ ಬಾಗಿಲು ತಟ್ಟಿದ್ದು ಮಳೆಗಾಲದಲ್ಲಿ. ಬದುವಿನ ಮೇಲೆ ಜಾರಿ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿದ್ದರು. ಸೊಪ್ಪು ಕೊಯ್ದು ತರಲು ಅವರ ತಮ್ಮ ಚಿಕ್ಕಣ್ಣ ಇದ್ದ. ಆದರೆ ಹುಳ ಮೇಯುವ ಬಿದಿರಿನ ತಟ್ಟೆಗಳಿಗೆ ಸೊಪ್ಪು ಹರಡಲು ಬರುತ್ತಿದ್ದ ಹೆಂಗಸರು ಗಾರ್ಮೆಂಟ್ಸ್ ವ್ಯಾನು ಹತ್ತಿದ್ದರು.

"ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಒಸಿ ಸೊಪ್ಪು ಹಾಕ್ಕೊಡಿ ಮೇಷ್ಟ್ರೇ. ಕಾಲೇಜು ಬುಟ್ಟು ಬನ್ನಿ ಅನ್ನಾಕಿಲ್ಲ."

"ನನಗೆ ಬರೋದಿಲ್ಲ."

"ಹುಳಕ್ಕೆ ಬತ್ತದೆ, ತಿನ್ನಾಕೆ. ನೀವು ಹಾಕಿದ್ರೆ ಸಾಕು."

ಒಪ್ಪಿಕೊಂಡೆ. ಒಪ್ಪಿದ ಮೇಲೆ ಅವರು ಶರತ್ತು ಹೇಳಿದರು. ಆರು ಗಂಟೆಗೆ ತಲೆಯಿಂದ ಕಾಲಿನವರೆಗೆ ಸ್ನಾನ. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ. ಉಗುರು ಕತ್ತರಿಸಿರಬೇಕು. ಹೊಸ್ತಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಬರಬೇಕು. ಕೊನೆಗೆ ಒಂದು ಮಾತು ಸೇರಿಸಿದರು.

"ಹೊಟ್ಟೆಗೆ ಬಿಸಿ ಊಟ ಬಿದ್ದಿರ್ಬೇಕು. ಹಸ್ಕಂಡೋನ ಕಣ್ಣು ಹುಳದ ಮ್ಯಾಲೆ ಬೀಳಬಾರ್ದು. ಮೇಯಾಕಿಲ್ಲ ಅವು."

ಸ್ನಾನ, ಸುಣ್ಣ ಎಲ್ಲ ಸೋಂಕು ತಡೆಯಲು ಎಂದು ಅರ್ಥವಾಯಿತು. ಹಸಿದವನ ಕಣ್ಣಿನ ಮಾತು ಬರೀ ಮೂಢನಂಬಿಕೆ ಎಂದೆ. ಇದಕ್ಕೆ ಆಧಾರ ಏನು, ಉಂಡವನನ್ನೂ ಉಣ್ಣದವನನ್ನೂ ಬೇರೆ ಬೇರೆ ಕಳಿಸಿ ನೋಡಿದ್ದೀರಾ ಎಂದು ಕೇಳಿದೆ.

"ನೋಡ್ಕಳಿ ನೀವೇ, ನಂ ಹುಳ ಸಾಯಿಸ್ಕಂಡು," ಎಂದರು ಗೌರಕ್ಕ.

ಅವರ ಹುಳ ಸಾಯಿಸಲು ನನಗೆ ಧೈರ್ಯವಿರಲಿಲ್ಲ. ಹೀಗೆ ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿ, ಅವರು ತಮ್ಮನ ಕೈಯಲ್ಲಿ ತಿರುವಿಸಿ ಕೊಡುತ್ತಿದ್ದ ಬಿಸಿ ಮುದ್ದೆ, ಹುರುಳಿ ಸಾರು ಉಂಡು ಹುಳುಮನೆಗೆ ಹೋಗತೊಡಗಿದೆ. ಬೆಳಿಗ್ಗೆ ಮುದ್ದೆ ಉಂಡು ರೂಢಿಯಿಲ್ಲದ ಹೊಟ್ಟೆ ಮೊದಲ ವಾರ ಕಲ್ಲಾಗಿತ್ತು. ಆಮೇಲೆ ಅದೇ ಹೊಟ್ಟೆ ಐದೂವರೆಗೆ ನನ್ನನ್ನು ಎಬ್ಬಿಸುತ್ತಿತ್ತು.

ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ತಟ್ಟೆಗಳಲ್ಲಿ ಒಂದು ಹುಳವೂ ಅಲ್ಲಾಡುತ್ತಿರಲಿಲ್ಲ. ತಲೆಯನ್ನು ಅಷ್ಟೆತ್ತರಕ್ಕೆ ಎತ್ತಿಕೊಂಡು ಎಲ್ಲವೂ ಕಲ್ಲಿನಂತೆ ಕೂತಿದ್ದವು. ಹೆದರಿ ಕೂಗಿದೆ. ಚಿಕ್ಕಣ್ಣ ಸೊಪ್ಪಿನ ಹೊರೆ ಇಳಿಸಿ ಬಂದು ನೋಡಿ ನಕ್ಕ.

"ಅಕ್ಕೋ, ಮೇಷ್ಟ್ರು ಹುಳಕ್ಕೆ ಡಾಕ್ಟ್ರ ಕರೀಬೇಕಂತೆ!"

"ಸುಮ್ಕಿರ್ಲಾ. ನೀನು ಮೊದಲ್ನೇ ಬೆಳೇಲಿ ಅತ್ತಿದ್ದು ಮರ್ತೋಯ್ತಾ?" ಎಂದು ಅವನ ಬಾಯಿ ಮುಚ್ಚಿಸಿ ಗೌರಕ್ಕ ನನ್ನ ಕಡೆ ತಿರುಗಿದರು. "ಜ್ವರಕ್ಕೆ ಕುಂತವೆ ಕಣ್ರೀ. ಹಳೇ ಚರ್ಮ ಬುಡ್ತವೆ. ಈಗ ಸೊಪ್ಪು ಹಾಕಬಾರ್ದು, ಮುಟ್ಟಬಾರ್ದು, ಏಳ್ರಿ ಏಳ್ರಿ ಅನ್ನಬಾರ್ದು. ಒಣಗಿದ ಜಾಗ ಮಾಡ್ಕೊಟ್ಟು ಸುಮ್ನೆ ಬುಟ್ರೆ ತಾವೇ ಏಳ್ತವೆ."

"ಎಷ್ಟು ಹೊತ್ತು?"

"ಅವಕ್ಕೆ ಬೇಕಾದಷ್ಟೊತ್ತು."

ಅದನ್ನು ಕೇಳಿ ನನಗೇನೋ ದೊಡ್ಡ ಅರಿವು ಮೂಡಿತು ಎಂದು ಬರೆಯಬಹುದು, ಆದರೆ ಮೂಡಲಿಲ್ಲ. ಮನುಷ್ಯ ಹುಳವಲ್ಲ, ಇಂಥ ಹೋಲಿಕೆಗಳಿಂದ ಏನೂ ಸಾಬೀತಾಗುವುದಿಲ್ಲ. ನಡೆದದ್ದು ಇಷ್ಟೇ: ಆ ಭಾನುವಾರ ನಾನು ಬಸ್ಸು ಹತ್ತಲಿಲ್ಲ. ಹಾಸಿಗೆಯ ಬಟ್ಟೆ ಒಗೆದು ತಂತಿಯ ಮೇಲೆ ಹಾಕಿ, ಚಾಪೆಯ ಮೇಲೆ ಮಲಗಿ, ಸಂಜೆಯವರೆಗೆ ನಿದ್ದೆ ಹೋದೆ. ಎದ್ದಾಗ ಯಾರಿಗೂ ಉತ್ತರ ಕೊಡಬೇಕು ಅನ್ನಿಸಲಿಲ್ಲ. ಅಂಥ ನಿರಾಳ ಕಂಡು ಬಹಳ ತಿಂಗಳಾಗಿತ್ತು.

ಹಸಿದವನ ಕಣ್ಣಿನ ಗುಟ್ಟು ಬಯಲು ಮಾಡಿದ್ದು ಚಿಕ್ಕಣ್ಣನೇ. ಒಂದು ಬೆಳಿಗ್ಗೆ ಅವನು ಏನೂ ತಿನ್ನದೆ ಸೀದಾ ಒಳಗೆ ಬಂದು ಸೊಪ್ಪು ಹರಡತೊಡಗಿದ. ನಾನು ನಿಯಮ ನೆನಪಿಸಿದೆ.

"ಯಾವ ಶಾಸ್ತ್ರ ಅದು? ನಾನ್ ಕೇಳೇ ಇಲ್ಲ. ಏನಕ್ಕೋ, ಮೇಷ್ಟ್ರಿಗೊಂದು ನಮಗೊಂದಾ?"

ಗೌರಕ್ಕ ಒಂದು ಚೂರೂ ಅಳುಕಲಿಲ್ಲ. "ಇಲ್ದೇ ಇದ್ರೆ ಏನಾಯ್ತೀಗ? ಉಂಡ್ರೋ ಇಲ್ವೋ? ಬಂದಾಗ ಇವರ ಕುತ್ತಿಗೆ ನೋಡಿದ್ಯಾ? ಬ್ಯಾಸಗೇಲಿ ಹುಂಜದ ಕುತ್ತಿಗೆ ಇದ್ದಂಗಿತ್ತು."

ಇಬ್ಬರೂ ನಕ್ಕರು. ನನಗೆ ಅವಮಾನವಾದಂತಾಯಿತು. ಆದರೆ ಮಾರನೆಯ ದಿನವೂ ಉಂಡೇ ಹೋದೆ.

ಈಗ ಆ ವಾರಕ್ಕೆ ಬರುತ್ತೇನೆ. ಹುಳಗಳು ನಾಲ್ಕನೆಯ ಸಲ ಚರ್ಮ ಬಿಟ್ಟು ಎದ್ದಿದ್ದವು. ಇನ್ನೊಂದು ವಾರ ಮೇಯ್ದರೆ ಗೂಡು ಕಟ್ಟುವ ಹುಳ. ಬೆರಳು ಗಾತ್ರದ, ಮುಟ್ಟಿದರೆ ತಣ್ಣಗೆ ಮೆತ್ತಗೆ ಇರುವ ಹುಳ. ಅವುಗಳ ಹಸಿವಿಗೆ ಚಿಕ್ಕಣ್ಣ ದಿನವಿಡೀ ಸೊಪ್ಪು ಹೊತ್ತರೂ ಸಾಲುತ್ತಿರಲಿಲ್ಲ. ನಾನೂ ಚೆನ್ನಾಗಿದ್ದೆ. ಚನ್ನಪಟ್ಟಣದ ಪೇಟೆಯಲ್ಲಿ ನಡೆಯುವಾಗ ನನಗೆ ಇನ್ನೂ ಏನೇನು ಒಳ್ಳೆಯದು ಮಾಡಿಕೊಳ್ಳಬಹುದು ಎಂದು ಯೋಚಿಸುವಷ್ಟು ಚೆನ್ನಾಗಿದ್ದೆ. ಒಂದು ಹೊಸ ಟವೆಲು ಕೊಂಡೆ. ಸೊಳ್ಳೆ ಕಾಟಕ್ಕೆ ನಿದ್ದೆ ಕೆಡುತ್ತಿತ್ತು. ಗೋಡೆಗೆ ಚುಚ್ಚುವ ಸಣ್ಣ ಮಿಷನ್ನು, ಅದಕ್ಕೆ ಹಾಕುವ ಔಷಧಿಯ ಬಾಟಲಿ ಕೊಂಡೆ. ಗೌರಕ್ಕನ ಮಾತು ಮರೆತಿರಲಿಲ್ಲ. ಹೊಗೆ ಬೇಡ ಎಂದಿದ್ದರು, ಇದರಲ್ಲಿ ಹೊಗೆಯಿಲ್ಲ. ಓದಿದವನ ತರ್ಕ ಇಷ್ಟು ಸಲೀಸಾಗಿ ಕೆಲಸ ಮಾಡುತ್ತದೆ. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಬೇಕು ಅನ್ನಿಸಲೇ ಇಲ್ಲ.

ಎಷ್ಟು ದಿನ ಅದು ಉರಿಯಿತು? ಮೂರು ದಿನ ಎನ್ನುತ್ತದೆ ನೆನಪು. ಒಂದೇ ದಿನವೂ ಇರಬಹುದು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಹೋದಾಗ ಗೌರಕ್ಕ ತಟ್ಟೆಯೊಂದರ ಮುಂದೆ ನಿಂತಿದ್ದರು. ಹುಳಗಳು ತಲೆಯನ್ನು ಅತ್ತಿಂದಿತ್ತ ಒಗೆಯುತ್ತಿದ್ದವು. ಬಾಯಿಂದ ಹಸಿರು ನೀರು. ಕೆಲವು ಆಗಲೇ ಅರ್ಧಕ್ಕೆ ಮುರುಟಿಕೊಂಡಿದ್ದವು. ಹೀಗೆ ನೋಡಿದ ನೆನಪಿದೆ. ಆದರೆ ಬಸ್ಸಿನಿಂದ ಇಳಿದ ಮೇಲೆ ನಾನು ಹುಳಕ್ಕೆ ಔಷಧಿ ತಾಗಿದಾಗಿನ ಲಕ್ಷಣಗಳನ್ನು ಹುಡುಕಿ ಓದಿದ್ದೇನೆ. ಅಲ್ಲಿ ಬರೆದದ್ದೂ ಇದೇ. ಕಂಡದ್ದನ್ನು ಓದಿದೆನೋ, ಓದಿದ್ದನ್ನು ಕಂಡೆನೆಂದುಕೊಂಡೆನೋ, ಹೇಳಲಾರೆ.

ಚಿಕ್ಕಣ್ಣ ಬಂದ. "ಅಯ್ಯೋ ಅಕ್ಕೋ! ಮೇಷ್ಟ್ರೇ, ಒಂದು ಫೋಟೋ ಹೊಡೀರಿ. ರೇಷ್ಮೆ ಇನ್ಸ್‌ಪೆಕ್ಟ್ರಿಗೆ ಕಳ್ಸಾನ, ಏನಾಯ್ತು ಅಂತ ಹೇಳ್ತಾರೆ."

ಒಂದು ಫೋಟೋ ತೆಗೆದೆ. ಅದು ಮಸುಕಾಗಿ ಬಂತು. ಎರಡನೆಯದಕ್ಕೆ ಫೋನು ಎತ್ತುವಷ್ಟರಲ್ಲಿ ಗೌರಕ್ಕ ಎಡಗೈ ಅಡ್ಡ ಹಿಡಿದರು.

"ಯಾರಿಗೂ ಕಳಿಸೋದು ಬ್ಯಾಡ. ಏನಾಯ್ತು ಅಂತ ನಂಗೊತ್ತು. ಮಳೆ ಸೊಪ್ಪು. ನೆಂದ ಸೊಪ್ಪು ಹಂಗೇ ಹಾಕಿದ್ದಕ್ಕೆ ಸಪ್ಪೆ ರೋಗ ಹೊಡೀತು."

"ಮಳೆ ಸೊಪ್ಪಾ? ನಾನು ತಂದಿದ್ದು..." ಎಂದು ಚಿಕ್ಕಣ್ಣ ಶುರು ಮಾಡಿದ.

"ನೀನ್ ತಂದಿದ್ದೇ ಕಣ್ಲಾ. ಗುಂಡಿ ತೋಡು ಹೋಗು."

ಅವನು ಅಕ್ಕನ ಮುಖ ನೋಡಿದ. ಆಮೇಲೆ ಗುದ್ದಲಿ ತೆಗೆದುಕೊಂಡು ಹೋದ. ತಪ್ಪು ತನ್ನ ತಲೆಗೆ ಬಂದರೂ ಮರುಮಾತಾಡಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ನನಗೆ ಆಗ ಕಾಣುತ್ತಿದ್ದದ್ದು ತಟ್ಟೆಗಳು ಮಾತ್ರ. ಇಪ್ಪತ್ತು ದಿನ ಸ್ನಾನ ಮಾಡಿ, ಉಂಡು, ಉಗುರು ಕತ್ತರಿಸಿ ನಾನು ನೋಡಿಕೊಂಡದ್ದು.

ಆವತ್ತು ಕಾಲೇಜಿನಿಂದ ಬಂದಾಗ ನನ್ನ ಮಂಚದ ನಾಲ್ಕು ಮೂಲೆಗೆ ಕೋಲು ಕಟ್ಟಿ ಹಳೆಯದೊಂದು ಸೊಳ್ಳೆ ಪರದೆ ಇಳಿಬಿಟ್ಟಿತ್ತು. ಒಂದು ಕಡೆ ಹರಿದದ್ದನ್ನು ಹೊಲಿದಿತ್ತು, ಎಡಗೈಯಲ್ಲಿ ಹೊಲಿದಂತೆ ಸೊಟ್ಟಸೊಟ್ಟಗೆ. ಗೋಡೆಯ ಮಿಷನ್ನು ಇರಲಿಲ್ಲ.

"ಕರೆಂಟು ಯಾಕ್ ಸುಮ್ನೆ ಸುಡ್ತೀರ? ಪರದೆ ಐತಲ್ಲ, ಮಲೀಕಳಿ," ಎಂದರು ಗೌರಕ್ಕ, ಬೇರೆ ಏನೋ ಕೆಲಸ ಮಾಡುತ್ತ.

ಹೂಂ ಎಂದೆ. ಅಷ್ಟೇ. ಇಷ್ಟು ಅನುಮಾನದ ಮನುಷ್ಯ ನಾನು, ಹಸಿದವನ ಕಣ್ಣಿಗೆ ಆಧಾರ ಕೇಳಿದವನು, ಪರದೆಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ.

ಮಾರನೆಯ ದಿನ ಎದ್ದೇಳಲಿಲ್ಲ. ಹುಳ ಇಲ್ಲದ ಮೇಲೆ ಆರು ಗಂಟೆಗೆ ಸ್ನಾನ ಯಾಕೆ? ಅದರ ಮಾರನೆಯ ದಿನವೂ ಮಲಗಿದ್ದೆ. ಕಾಲೇಜಿಗೆ ಹೋಗಲಿಲ್ಲ. ಅಲ್ಲಿಗೆ ಮುಗಿಯಿತು, ನಾನು ಮತ್ತೆ ಬಿಸ್ಕತ್ತಿಗೇ ಹೋಗುತ್ತೇನೆ ಎಂದು ಸ್ಪಷ್ಟವಾಗಿ ಅನ್ನಿಸಿತ್ತು. ಅದು ಹೆದರಿಕೆಯಂತೆಯೂ ಇರಲಿಲ್ಲ, ಬಸ್ಸಿನ ಕೊನೆಯ ಸ್ಟಾಪು ಬಂದಂತೆ ಇತ್ತು. ಮೂರನೆಯ ಬೆಳಿಗ್ಗೆ ಗೌರಕ್ಕ ಬಾಗಿಲು ತಟ್ಟಿದರು.

"ಏಳಿ ಮೇಷ್ಟ್ರೇ. ಹುಳುಮನೆ ತೊಳೀಬೇಕು. ಬ್ಲೀಚಿಂಗ್ ಪೌಡ್ರು ಕಲಸಾಕೆ ನನ್ ಕೈಲಾಗಾಕಿಲ್ಲ."

"ಇನ್ನು ಯಾಕೆ ಗೌರಕ್ಕ?"

"ಯಾಕೆ ಅಂದ್ರೆ? ಹುಳ ಹೋದ್ರೆ ಮನೆ ತೊಳೀತಾರೆ. ಮನೆನೇ ಕೆಡವ್ತಾರಾ?" ಎಂದು ಮೂಗಿಗೆ ಸೆರಗು ಹಿಡಿದರು. "ಮೊದ್ಲು ನೀರು ಹುಯ್ಕಳಿ. ನಾಯಿ ಕೂಡ ಹತ್ರ ಬರಾಕಿಲ್ಲ, ಹಂಗೆ ನಾತ ಹೊಡೀತಾ ಇದೀರಾ."

ಸ್ನಾನ ಮಾಡಿದೆ. ಇಬ್ಬರೂ ಸೇರಿ ತಟ್ಟೆಗಳನ್ನು ಉಜ್ಜಿ ಬಿಸಿಲಿಗೆ ಒರಗಿಸಿದೆವು, ಗೋಡೆಗೆ ಸುಣ್ಣ ಬಳಿದೆವು. ಮನೆಗೆ ಹದಿನೈದು ದಿನ ಬಿಡುವು ಕೊಡಬೇಕು ಎಂದರು. ಆ ಹದಿನೈದು ದಿನವೂ ನಾನು ಆರಕ್ಕೆ ಎದ್ದು ಸ್ನಾನ ಮಾಡಿ ಉಂಡೆ, ಒಳಗೆ ಒಂದೂ ಹುಳ ಇಲ್ಲದಾಗ. ಯಾರೂ ಹೇಳದೆ ನನಗಾಗಿ ನಾನು ಮಾಡಿಕೊಂಡದ್ದು ಅದೇ ಮೊದಲು. ಮುಂದಿನ ಬೆಳೆಗೆ ಗೌರಕ್ಕನ ಪ್ಲಾಸ್ಟರ್ ಬಿಚ್ಚಿತ್ತು. ಆದರೂ ನನ್ನನ್ನು ಕರೆದರು. ಆ ಬೆಳೆ ಬಂತು.

ಹುಳ ಸತ್ತ ದಿನ "ಅದು ನಿಮ್ಮ ಮಿಷನ್ನಿಂದ ಆಯ್ತು" ಎಂದು ಅವರು ಹೇಳಿದ್ದರೆ ನಾನು ಏಳುತ್ತಿದ್ದೆನೆ? ಮೂರನೆಯ ದಿನಕ್ಕೆ ಎದ್ದದ್ದೇ ಕಷ್ಟದಲ್ಲಿ. ಈ ಪ್ರಶ್ನೆಗೆ ಪ್ರಯೋಗ ಮಾಡಿ ಉತ್ತರ ತಿಳಿಯಲಾಗುವುದಿಲ್ಲ.

ನಾನು ಈಗ ಮಾಗಡಿಯಲ್ಲಿದ್ದೇನೆ, ಒಬ್ಬನೇ. ಎರಡು ಕೋಣೆಯ ಮನೆ. ಆರಕ್ಕೆ ಸ್ನಾನ, ಬಿಸಿ ಊಟ, ಭಾನುವಾರ ಹಾಸಿಗೆಯ ಬಟ್ಟೆ ಒಗೆತ. ಕೆಲವು ಸಂಜೆ ಇನ್ನೂ ಗಂಟಲು ಕಟ್ಟುತ್ತದೆ. ಗೌರಕ್ಕ ಅಕ್ಕೂರಿನ ಮನೆಯನ್ನು ತಮ್ಮನಿಗೆ ಬಿಟ್ಟು ಸೋಲೂರಿನ ಮಗಳ ಮನೆಗೆ ಹೋಗಿ ಒಂದು ವರ್ಷವಾಯಿತು. ಬಸ್ಸಿನಿಂದ ಇಳಿದ ಸಂಜೆಯೇ ಅವರಿಗೆ ಫೋನು ಮಾಡಿದೆ. ಹಿಂದೆ ಹಸು ಕೂಗುತ್ತಿತ್ತು.

"ಯಾರು, ಮೇಷ್ಟ್ರಾ? ಏನ್ ಉಂಡ್ರಿ?"

"ಇನ್ನೂ ಇಲ್ಲ. ಗೌರಕ್ಕ, ಒಂದು ಕೇಳಬೇಕಿತ್ತು. ಆವತ್ತು ಹುಳ ಸತ್ತವಲ್ಲ, ನಿಮ್ಮ ಕೈ ಮುರಿದಿದ್ದಾಗ. ಯಾತಕ್ಕೆ ಸತ್ತವು?"

ಹಸು ಇನ್ನೆರಡು ಸಲ ಕೂಗಿತು.

"ಮಳೆ ಸೊಪ್ಪು ಅಲ್ವಾ? ಜೋರು ಮಳೆ ಕಣ್ರೀ ಆ ವಾರ. ನಿಮಗೆ ನೆಪ್ಪಿಲ್ವಾ?"

"ನನ್ನ ಕೋಣೇಲಿ ಸೊಳ್ಳೆ ಮಿಷನ್ನು..."

"ಏನೇನೋ ಯೋಚ್ನೆ ಮಾಡ್ಬ್ಯಾಡಿ. ಮಳೆನೇ ಅದು. ಹೋಗಿ ಉಣ್ಣಿ ಮೊದ್ಲು."

ಫೋನು ಇಟ್ಟು ಯೋಚಿಸಿದೆ. ಮಳೆ ನನಗೂ ನೆನಪಿತ್ತು. ಮಂಚದ ಮೇಲೆ ಮಲಗಿದಾಗ ಸಣ್ಣಗೆ, ಬಿಡದೆ ಸುರಿಯುತ್ತಿದ್ದ ಸದ್ದು. ಆದರೆ ಅದು ಹೆಂಚಿನ ಮೇಲಿಂದ ಬರುತ್ತಿತ್ತೋ, ಗೋಡೆಯ ಆಚೆಯಿಂದಲೋ? ಕೊನೆಯ ವಾರದ ಹುಳ ಸಾವಿರಗಟ್ಟಲೆ ಒಟ್ಟಿಗೆ ಸೊಪ್ಪು ಮೇಯುವಾಗ ಬರುವ ಸದ್ದು ಮಳೆಯ ಸದ್ದೇ. ನನ್ನ ಕಿವಿಯನ್ನು ನಾನು ನಂಬುವಂತಿರಲಿಲ್ಲ. ಗೌರಕ್ಕನ ಮಾತನ್ನೂ ನಂಬುವಂತಿರಲಿಲ್ಲ. ನನಗೆ ಬೇಕಾದಾಗಲೆಲ್ಲ ನನಗೊಂದು ಹೊಸ ಶಾಸ್ತ್ರ ಹುಟ್ಟಿಸಿದವರು ಅವರು.

ಹಳೆಯ ಫೋನು ಪೆಟ್ಟಿಗೆಯಲ್ಲಿತ್ತು. ಚಾರ್ಜು ಹಾಕಿ ಹುಡುಕಿದಾಗ ಆ ಮಸುಕು ಫೋಟೋ ಸಿಕ್ಕಿತು. ಅದರಲ್ಲಿ ಹುಳ ಕಾಣುವುದಿಲ್ಲ, ಬಿಳಿಯ ಕಲೆಯೊಂದು ಕಾಣುತ್ತದೆ, ಪ್ಲಾಸ್ಟರ್ ಇರಬೇಕು. ಆದರೆ ತಾರೀಖು ಇತ್ತು. ಅದನ್ನು ಬರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಅಕ್ಕೂರಿನ ಹೋಬಳಿಯ ಮಳೆಮಾಪನದ ದಿನವಾರು ದಾಖಲೆ ಕೇಳಿದೆ. ಗುಮಾಸ್ತರು "ಬೆಳೆ ವಿಮೆಗಾ?" ಎಂದರು. ಅಲ್ಲ ಎಂದೆ. ಅವರು ಹಾಳೆ ತಿರುಗಿಸಿ ನನ್ನ ಮುಂದೆ ಇಟ್ಟರು. ಆ ದಿನದಿಂದ ಹಿಂದಕ್ಕೆ ಬೆರಳಿಟ್ಟುಕೊಂಡು ಹೋದೆ. ಆಮೇಲೆ ಮೊದಲಿಂದ ಇನ್ನೊಂದು ಸಲ ಓದಿದೆ. ಫೋಟೋ ತೆಗೆದ ದಿನವೂ, ಅದಕ್ಕೆ ಹಿಂದಿನ ಹದಿನಾಲ್ಕು ದಿನವೂ ಅಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ.